ಅಮ್ಮನಿಗೆ ಬಿಪಿ 150/94 ಬಂದಿದೆ: ಮಾತ್ರೆ ಬೇಕೇ, ಮನೆಮದ್ದು ಸಾಕೇ?

ಸಕಲೇಶಪುರದ ಹತ್ತಿರ ಇರುವ ನಿಮ್ಮ ತಾಯಿಯವರಿಗೆ 54 ವರ್ಷ. ಕ್ಲಿನಿಕ್ಕಿನಲ್ಲಿ ಒಂದು ಸಲ 150/94 ಬಂದಿದೆ, ಡಾಕ್ಟರು ಮಾತ್ರೆ ಬರೆದಿದ್ದಾರೆ. ಶುರು ಮಾಡಿದರೆ ಬಿಡುವ ಹಾಗಿಲ್ಲ ಎಂಬ ಹೆದರಿಕೆಗೆ ಬೆಳ್ಳುಳ್ಳಿ, ಇಂದುಪ್ಪು, ಸರ್ಪಗಂಧದ ಬೇರು ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದ್ದೀರಿ. ಜೊತೆಗೆ ಮಂಡಿನೋವಿಗೆ ಆಗಾಗ ಮಾತ್ರೆ ತಗೋತಾರೆ, ಗಂಟಲಿಗೆ ದಿನಾ ಜ್ಯೇಷ್ಠಮಧು ಕಷಾಯ ಕುಡೀತಾರೆ ಎಂದು ಕೊನೆಗೆ ಒಂದು ಸಾಲು ಸೇರಿಸಿದ್ದೀರಿ. ನನಗೆ ಮುಖ್ಯವಾಗಿ ಕಂಡದ್ದು ಆ ಕೊನೆಯ ಸಾಲೇ. ಬಿಪಿಗೆ ಏನು ಕುಡಿಯಬೇಕು ಎಂದು ಎಲ್ಲರೂ ಕೇಳುತ್ತಾರೆ. ಏನು ಬಿಡಬೇಕು ಎಂದು ಕೇಳುವವರು ಕಡಿಮೆ, ಇಳಿಕೆ ಹೆಚ್ಚು ಸಿಗುವುದು ಮಾತ್ರ ಅಲ್ಲೇ.

ಜ್ಯೇಷ್ಠಮಧುವಿನಲ್ಲಿ ಗ್ಲಿಸಿರೈಝಿನ್ ಎಂಬ ಅಂಶವಿದೆ. ಅದು ದಿನಾ ಹೊಟ್ಟೆಗೆ ಹೋದರೆ ಮೂತ್ರಪಿಂಡ ಸೋಡಿಯಂ ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ ಹೊರಗೆ ಬಿಡತೊಡಗುತ್ತದೆ. ಬಿಪಿ ಏರುತ್ತದೆ, ಕಾಲುಗಳಲ್ಲಿ ನಿಶ್ಶಕ್ತಿಯೂ ಬರಬಹುದು. ಮಳೆಗಾಲದ ಕೆಮ್ಮಿಗೆ ಎರಡು ದಿನ ಕುಡಿದರೆ ತೊಂದರೆಯಿಲ್ಲ, ವಾರಗಟ್ಟಲೆ ಕುಡಿಯುವುದೇ ಅಪಾಯ. ಕಷಾಯದ ಪುಡಿ, ಕೆಮ್ಮಿನ ಚೂರ್ಣ, ಚಪ್ಪರಿಸುವ ಗುಳಿಗೆಗಳ ಮೇಲೆ ಯಷ್ಟಿಮಧು, ಅತಿಮಧುರ, ಮುಲೇಠಿ ಎಂದು ಬರೆದಿದ್ದರೂ ಅದೇ ವಸ್ತು. ನಿಲ್ಲಿಸಿದ ಮೇಲೂ ಪರಿಣಾಮ ಇಳಿಯಲು ಕೆಲವು ವಾರ ಹಿಡಿಯಬಹುದು.

ಇನ್ನು ಮಂಡಿನೋವಿನ ಮಾತ್ರೆ. ಸ್ಟ್ರಿಪ್ ತಿರುಗಿಸಿ ಸಣ್ಣ ಅಕ್ಷರ ಓದಿ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಎಂದಿದ್ದರೆ ಅವೂ ಉಪ್ಪು, ನೀರು ಎರಡನ್ನೂ ದೇಹದಲ್ಲಿ ಉಳಿಸಿ ಬಿಪಿ ಏರಿಸುತ್ತವೆ. ಮುಂದೆ ಬಿಪಿ ಮಾತ್ರೆ ಶುರುವಾದರೆ ಅದರ ಕೆಲಸವನ್ನೂ ಅರ್ಧಂಬರ್ಧ ಮಾಡುತ್ತವೆ. ಬದಲಿಗೆ ಪ್ಯಾರಾಸಿಟಮಾಲ್ ಆಗುತ್ತದೆಯೇ ಎಂದು ಡಾಕ್ಟರನ್ನು ಕೇಳಿ. ನೀರಿನಲ್ಲಿ ನೊರೆಗಟ್ಟಿ ಕರಗುವ ಬಗೆ ಮಾತ್ರ ಬೇಡ, ಅದರಲ್ಲಿ ಸೋಡಿಯಂ ತುಂಬಿರುತ್ತದೆ. ಗ್ಯಾಸಿಗೆಂದು ಕುಡಿಯುವ ನೊರೆ ಪುಡಿಯದೂ ಇದೇ ಕಥೆ. ಮೂಗು ಬಿಡಿಸುವ ಶೀತದ ಮಾತ್ರೆಗಳನ್ನೂ ಕೇಳದೆ ನುಂಗಬೇಡಿ.

ಕ್ಲಿನಿಕ್ಕಿನ ಒಂದೇ ರೀಡಿಂಗ್‌ನಿಂದ ಏನೂ ತೀರ್ಮಾನವಾಗುವುದಿಲ್ಲ. ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರ ತನ್ನಿ, ಮಣಿಕಟ್ಟಿನದು ಬೇಡ. ತೋಳಿನ ಸುತ್ತಳತೆ ಟೇಪಿನಲ್ಲಿ ಅಳೆದು ತೋಳಿಗೆ ಸುತ್ತುವ ಪಟ್ಟಿ (ಕಫ್) ಆರಿಸಿ: ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣಿಸುತ್ತದೆ. ಪಟ್ಟಿ ಬರಿ ಚರ್ಮದ ಮೇಲೆ, ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲಿರಬೇಕು. ರವಿಕೆಯ ತೋಳನ್ನು ಬಿಗಿಯಾಗಿ ಸುತ್ತಿ ಮೇಲೇರಿಸಿದರೆ ಅದೇ ಒಂದು ಕಟ್ಟು ಬಿಗಿದಂತೆ, ಲೆಕ್ಕ ಕೆಡುತ್ತದೆ. ಮೂತ್ರಕ್ಕೆ ಹೋಗಿ ಬಂದು, ಕುರ್ಚಿಗೆ ಬೆನ್ನು ಕೊಟ್ಟು, ಪಾದ ನೆಲಕ್ಕೂರಿ, ಕೈಯನ್ನು ಎದೆಮಟ್ಟದ ಮೇಜಿನ ಮೇಲಿಟ್ಟು ಐದು ನಿಮಿಷ ಸುಮ್ಮನೆ ಕೂರಬೇಕು. ಮಾತಾಡಬಾರದು, ಮೊಬೈಲ್ ನೋಡಬಾರದು. ಹಿಂದಿನ ಅರ್ಧ ಗಂಟೆ ಕಾಫಿಯೂ ಬೇಡ. ಎದ್ದ ಕೂಡಲೇ ಲೋಟ ಕೈಗೆ ಬರುವ ನಮ್ಮ ಕಡೆ ಇದೇ ಕಷ್ಟದ ಶರತ್ತು. ಚಳಿಯಲ್ಲಿ ಅಂಗಳದಿಂದ ಒಳಗೆ ಬಂದ ತಕ್ಷಣವೂ ಅಳೆಯಬೇಡಿ, ಚಳಿಗೆ ರಕ್ತನಾಳ ಬಿಗಿಯುತ್ತದೆ.

ಬೆಳಗ್ಗೆ ಎರಡು, ಸಂಜೆ ಎರಡು, ನಡುವೆ ಒಂದು ನಿಮಿಷ ಬಿಡುವು, ಹೀಗೆ ಏಳು ದಿನ ಬರೆದಿಡಿ. ಮೊದಲ ದಿನದ್ದು ಬಿಟ್ಟು ಉಳಿದ 24ರ ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬಿಪಿ ನಿಜ. ಕ್ಲಿನಿಕ್ಕಿನಲ್ಲಿ ಆ ಗೆರೆ 140/90.

ಉಪ್ಪಿಗೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಎಲ್ಲ ಸೇರಿ ಒಂದು ಟೀ ಚಮಚದೊಳಗೆ. ಚಮಚ ಹಿಡಿದು ಯಾರೂ ಅಡುಗೆ ಮಾಡುವುದಿಲ್ಲ. ಅದಕ್ಕೇ ಪ್ಯಾಕೆಟ್ ಲೆಕ್ಕ ಇಡಿ. ನಾಲ್ವರ ಮನೆಗೆ ದಿನಕ್ಕೆ 20 ಗ್ರಾಂ, ಅಂದರೆ ಒಂದು ಕೆಜಿ 50 ದಿನ. ಒಡೆದ ದಿನ ಪ್ಯಾಕೆಟ್ ಮೇಲೆ ತಾರೀಕು ಬರೆಯಿರಿ. ಉಪ್ಪಿನಕಾಯಿ, ಬೇಕರಿ, ಹೋಟೆಲಿನ ಉಪ್ಪು ಇದರ ಹೊರಗಿನದು, ಹಾಗಾಗಿ ಎರಡು ತಿಂಗಳು ಬರುವಂತೆ ನೋಡಿಕೊಳ್ಳಿ. ತಿಂಗಳೊಳಗೆ ಖಾಲಿಯಾದರೆ ಬೆಳ್ಳುಳ್ಳಿ ಎಷ್ಟು ತಿಂದರೂ ಕೆಲಸಕ್ಕೆ ಬಾರದು.

ಎಲ್ಲಿ ಕಡಿಯಬೇಕು? ಮುದ್ದೆಗೆ ಹೇಗೂ ಉಪ್ಪಿಲ್ಲ, ಅದು ಪುಣ್ಯ. ಅಕ್ಕಿ ರೊಟ್ಟಿ, ಕಡುಬಿನ ಹಿಟ್ಟಿಗೆ ಹಾಕುವುದನ್ನು ಬಿಡಬಹುದು, ಚಟ್ನಿಯಲ್ಲಿ ಇದ್ದೇ ಇರುತ್ತದೆ. ಮಿಡಿ ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ, ಹಪ್ಪಳ, ಒಣಮೀನು ದಿನಾ ಬೇಡ, ಭಾನುವಾರಕ್ಕಿರಲಿ. ಗಂಜಿಯೂಟಕ್ಕೆ ಅರ್ಧ ಮಿಡಿ ಎಂದು ಶುರುವಾದದ್ದು ಎರಡು ಮಿಡಿ ಮತ್ತು ಅದರ ರಸಕ್ಕೆ ಮುಟ್ಟುತ್ತದೆ, ಆ ರಸವೇ ಅಸಲು ಉಪ್ಪುನೀರು. ಅಯ್ಯಂಗಾರ್ ಬೇಕರಿಯವರ ಮೂಲ ಹಾಸನ ಸೀಮೆ ಎಂಬ ಹೆಮ್ಮೆ ಇರಲಿ, ಖಾರಾ ಬನ್ ಮಾತ್ರ ಅಪರೂಪಕ್ಕಿರಲಿ. ಸಾರಿನ ಉಪ್ಪನ್ನು ವಾರಕ್ಕೆ ಸ್ವಲ್ಪ ಸ್ವಲ್ಪವೇ ಇಳಿಸಿ. ಒಮ್ಮೆಲೇ ಇಳಿಸಿದರೆ ಸಪ್ಪೆ ಎಂದು ಎಲ್ಲರೂ ತಟ್ಟೆಗೆ ಮತ್ತೆ ಉದುರಿಸಿಕೊಳ್ಳುತ್ತಾರೆ. ನಿಂಬೆಹುಳಿಯನ್ನೂ ತೋಟದ ಕಾಳುಮೆಣಸನ್ನೂ ಒಂದು ಪಾಲು ಜಾಸ್ತಿ ಮಾಡಿದರೆ ನಾಲಿಗೆ ತಿಂಗಳೊಳಗೆ ಹೊಂದಿಕೊಳ್ಳುತ್ತದೆ. ಇಂದುಪ್ಪಿನಲ್ಲೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡ್. ಬಣ್ಣ ಬೇರೆ, ಬೆಲೆ ಬೇರೆ, ಅಷ್ಟೇ.

ಉಪ್ಪಿಗೆ ಎದುರಾಗಿ ನಿಲ್ಲುವುದು ಪೊಟ್ಯಾಸಿಯಂ. ಸೊಪ್ಪು, ಹುರುಳಿ, ಅವರೆ, ಬಾಳೆಹಣ್ಣು, ಎಳನೀರು, ಸಿಪ್ಪೆಸಹಿತ ಬೇಯಿಸಿದ ಹಾಸನದ ಆಲೂಗಡ್ಡೆ, ಎಲ್ಲದರಲ್ಲೂ ಇದೆ. ಸಕ್ಕರೆ ಕಾಯಿಲೆ ಇದ್ದರೆ ಆಲೂಗಡ್ಡೆ, ಬಾಳೆಹಣ್ಣು ಮಿತಿಯಲ್ಲಿರಲಿ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಈ ಸಲಹೆ ತಿರುಗುಬಾಣ: ಪೊಟ್ಯಾಸಿಯಂ ರಕ್ತದಲ್ಲಿ ಶೇಖರವಾಗಿ ಹೃದಯದ ಬಡಿತವನ್ನೇ ತಪ್ಪಿಸಬಹುದು. ಆದ್ದರಿಂದ ಮೊದಲು ಕ್ರಿಯೇಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತಪರೀಕ್ಷೆ), ಪೊಟ್ಯಾಸಿಯಂ, ಸಕ್ಕರೆ, ಮೂತ್ರದ ಪ್ರೋಟೀನ್ ಪರೀಕ್ಷೆ ಮತ್ತು ಇಸಿಜಿ ಮಾಡಿಸಿ. ಅಂಗಡಿಯ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಅದು ಒಳ್ಳೆಯದೇ, ಆದರೆ ಟೆಲ್ಮಿಸಾರ್ಟನ್‌ನಂಥ ಬಿಪಿ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಯೇ ಬಳಸಬೇಕು.

ನಡಿಗೆ ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ, ಮಾತಾಡಲು ಆಗಬೇಕು ಆದರೆ ಹಾಡಲು ಆಗಬಾರದು, ಅಷ್ಟು ವೇಗ. ತೂಕ ಜಾಸ್ತಿ ಇದ್ದರೆ ಇಳಿದ ಒಂದೊಂದು ಕೆಜಿಗೂ ಮೇಲಿನ ಸಂಖ್ಯೆ ಹೆಚ್ಚುಕಡಿಮೆ ಒಂದು ಪಾಯಿಂಟ್ ಇಳಿಯುತ್ತದೆ. ಉಪ್ಪು ಕಡಿಮೆ ಮಾಡಿದರೆ ಬಿಪಿ ಇರುವವರಿಗೆ ಐದಾರು ಪಾಯಿಂಟ್ ಸಿಗುತ್ತದೆ. ಕಾಫಿ ಬಿಡಿ ಎಂದು ಚಿಕ್ಕಮಗಳೂರು-ಹಾಸನದವರಿಗೆ ಹೇಳುವ ಧೈರ್ಯ ನನಗಿಲ್ಲ, ಅದರ ಅಗತ್ಯವೂ ಇಲ್ಲ. ದಿನಾ ಕುಡಿಯುವವರಿಗೆ ದೇಹ ಒಗ್ಗಿರುತ್ತದೆ, ಎರಡು ಸಣ್ಣ ಲೋಟ ನಡೆಯುತ್ತದೆ. ಜೋರು ಗೊರಕೆ, ನಡುವೆ ಉಸಿರು ಕಟ್ಟುವುದು ಇದ್ದರೆ ಡಾಕ್ಟರಿಗೆ ಹೇಳಿ, ಬಿಪಿಗೆ ಅದೂ ಒಂದು ಕಾರಣ.

ಬೆಳ್ಳುಳ್ಳಿ ಬಿಪಿಯನ್ನು ಸ್ವಲ್ಪ ಇಳಿಸುತ್ತದೆ, ಸುಳ್ಳಲ್ಲ. ದಿನಕ್ಕೆ ಒಂದೆರಡು ಎಸಳು ಊಟದ ಜೊತೆ ಸಾಕು. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುವವರು ಅದಕ್ಕಿಂತ ಹೆಚ್ಚು ತಿಂದರೆ ರಕ್ತಸ್ರಾವದ ಅಪಾಯ. ದಾಸವಾಳದ ಟೀ ಒಳ್ಳೆಯದು ಎಂದು ಓದಿ ಬೇಲಿಯ ಹೂ ಕುದಿಸುವವರಿದ್ದಾರೆ. ಆದರೆ ಹೆಚ್ಚಿನ ಪ್ರಯೋಗ ನಡೆದಿರುವುದು ಅದರ ಮೇಲಲ್ಲ, ಪುಂಡಿ ಗಿಡದ ಕೆಂಪು ಪುಷ್ಪಪಾತ್ರೆಯ (ಹೂವಿನ ಬುಡದ ಹೊರಕವಚ) ಮೇಲೆ.

ಸರ್ಪಗಂಧ ನಿಜಕ್ಕೂ ಔಷಧಿ, ಅದಕ್ಕೇ ಎಚ್ಚರ. ಮುಂಬೈನ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬರೆದ ಲೇಖನದಿಂದ ಇದು ಜಗತ್ತಿಗೆ ಗೊತ್ತಾಯಿತು, 1952ರಲ್ಲಿ ಇದರಿಂದ ರಿಸರ್ಪಿನ್ ಎಂಬ ಔಷಧಾಂಶವನ್ನು ಬೇರ್ಪಡಿಸಿದರು. ಬಿಪಿ ಇಳಿಯುತ್ತದೆ, ಜೊತೆಗೆ ಮನಸ್ಸು ಕುಗ್ಗುವುದು, ನಾಡಿ ನಿಧಾನವಾಗುವುದು, ಮೂಗು ಕಟ್ಟುವುದು, ಹೊಟ್ಟೆ ಹುಣ್ಣು ಕೂಡ ಬರಬಹುದು. ತೋಟದ ಅಂಚಿನಲ್ಲಿ ಕಿತ್ತ ಬೇರಿನಲ್ಲಿ ಎಷ್ಟು ಅಂಶವಿದೆ ಎಂದು ಮೂಸಿ ಹೇಳಲಾಗದು. ಮನೆಯಲ್ಲಿ ತೇದು ಕುಡಿಸಬೇಡಿ.

ಹಾಗಾದರೆ ಮಾತ್ರೆ? ಮನೆಯ ಸರಾಸರಿ ಗೆರೆಗಿಂತ ಸ್ವಲ್ಪವೇ ಮೇಲಿದ್ದು, ಸಕ್ಕರೆ, ಮೂತ್ರಪಿಂಡ, ಹೃದಯದ ತೊಂದರೆ ಯಾವುದೂ ಇಲ್ಲದಿದ್ದರೆ, ಮೇಲಿನದ್ದೆಲ್ಲ ಮಾಡಿ ಮೂರು ತಿಂಗಳು ನೋಡಬಹುದೇ ಎಂದು ಡಾಕ್ಟರನ್ನೇ ಕೇಳಿ, ಹಲವರು ಒಪ್ಪುತ್ತಾರೆ. ಕ್ಲಿನಿಕ್ಕಿನಲ್ಲಿ ಮತ್ತೆ ಮತ್ತೆ 160/100 ದಾಟಿದರೆ ಕಾಯಬಾರದು, ಮಾತ್ರೆ ಮತ್ತು ಪಥ್ಯ ಒಟ್ಟಿಗೇ ನಡೆಯಲಿ. ಮಾತ್ರೆ ಚಟವಾಗುವುದಿಲ್ಲ. ತೂಕ, ಉಪ್ಪು ಇಳಿದಾಗ ಪ್ರಮಾಣ ಕಡಿಮೆ ಮಾಡುವುದೂ ಉಂಟು. ಅಟೆನೊಲಾಲ್‌ನಂಥದ್ದನ್ನು ಮಾತ್ರ ಥಟ್ಟನೆ ನಿಲ್ಲಿಸಿದರೆ ಬಿಪಿ ಪುಟಿದೇಳುತ್ತದೆ. 2025ರ ಜೂನ್-ಜುಲೈಯಲ್ಲಿ ಹಾಸನದ ಹೃದಯಾಘಾತದ ಸುದ್ದಿಗೆ ಹೆದರಿ ಜನ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತರು. ಇಸಿಜಿ ಸರಿಯಿದೆ ಎಂದಾಕ್ಷಣ ಬಿಪಿ ಇಲ್ಲ ಎಂದಲ್ಲ, ಅದಕ್ಕೆ ನೀವು ಏಳು ದಿನ ಬರೆದಿಟ್ಟ ರೀಡಿಂಗ್‌ಗಳೇ ಬೇಕು.

180/120 ದಾಟಿದರೆ ಐದು ನಿಮಿಷ ಕೂರಿಸಿ ಮತ್ತೆ ಅಳೆಯಿರಿ. ಹಾಗೇ ಇದ್ದರೆ ಅಂದೇ ಡಾಕ್ಟರಿಗೆ ತೋರಿಸಿ. ಎದೆನೋವು, ಏದುಸಿರು, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು, ದೃಷ್ಟಿ ಮಂಜಾಗುವುದು ಇವುಗಳಲ್ಲಿ ಒಂದಿದ್ದರೂ, ಯಂತ್ರ ಏನೇ ತೋರಿಸಲಿ, 108ಕ್ಕೆ ಕರೆ ಮಾಡಿ. ಮನೆಯಲ್ಲಿರುವ ಯಾರದೋ ಬಿಪಿ ಮಾತ್ರೆಯನ್ನು ನಾಲಿಗೆ ಕೆಳಗಿಡಬೇಡಿ: ಒತ್ತಡ ಒಮ್ಮೆಲೇ ಕುಸಿದರೆ ಮೆದುಳಿಗೆ ರಕ್ತ ಸಾಲದೆ ಅದರಿಂದಲೇ ಲಕ್ವ ಹೊಡೆಯಬಹುದು.