ಆಕ್ಟೇವಿಯಾ ಆರ್‌ಎಸ್‌ಗೆ ಸ್ಟ್ರೋಕರ್: ಕ್ರ್ಯಾಂಕ್ ಕೊಳ್ಳುವ ಮುನ್ನ

ಮಧುಗಿರಿಯ ಸ್ನೇಹಿತರು ಕೇಳಿದ್ದಾರೆ: ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 1.8 ಟರ್ಬೊ, ಎಂಜಿನ್ ಹೇಗೂ ಬಿಚ್ಚಬೇಕಾಗಿದೆ. ಇದೇ ಸಮಯಕ್ಕೆ 2 ಲೀಟರ್ ಸ್ಟ್ರೋಕರ್ ಮಾಡಿಸಿ (ಅಂದರೆ ಪಿಸ್ಟನ್ ಹೆಚ್ಚು ದೂರ ಓಡುವಂತೆ ಬೇರೆ ಕ್ರ್ಯಾಂಕ್‌ಶಾಫ್ಟ್ ಹಾಕಿಸಿ) 300 ಎಚ್‌ಪಿ ತೆಗೆಯಬಹುದೇ, ಕ್ರ್ಯಾಂಕ್ ಎಲ್ಲಿ ಸಿಗುತ್ತದೆ? ತೆಗೆಯಬಹುದು. ಕ್ರ್ಯಾಂಕ್ ಚಿಂತೆ ಸದ್ಯಕ್ಕೆ ಬಿಡಿ, ದುಡ್ಡು ಕೊಟ್ಟರೆ ಅದು ಬಂದೇ ಬರುತ್ತದೆ. ಸಿಲಿಂಡರ್ ಕೊರೆಯುವ, ಅಳೆದು ಕೆಲಸ ಮಾಡುವ ಬೋರಿಂಗ್ ಅಂಗಡಿಯನ್ನು ಮೊದಲು ಹುಡುಕಿ.

ನಿಮ್ಮ ಎಂಜಿನ್‌ನ ಬೋರ್ (ಸಿಲಿಂಡರಿನ ಒಳವ್ಯಾಸ) 81 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 86.4, ಒಟ್ಟು 1781 ಸಿಸಿ. ಅದೇ ವಂಶದ 2.0 ಪೆಟ್ರೋಲ್ ಎಂಜಿನ್‌ನ ಕ್ರ್ಯಾಂಕ್‌ಗೆ 92.8 ಸ್ಟ್ರೋಕ್ ಇದೆ. ಬೋರ್ 82.5 ಮಾಡಿಸಿದರೆ 1984 ಸಿಸಿ, 83ಕ್ಕೆ ಹೋದರೆ 2008. ಆದರೆ ಬರೀ 300 ಎಚ್‌ಪಿ ಬೇಕೆಂದರೆ ಇಷ್ಟೆಲ್ಲ ಬೇಡ. ಈ ಎಂಜಿನ್‌ನಲ್ಲಿ ಮೊದಲು ಸೋಲುವುದು ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್; ಗಟ್ಟಿ ರಾಡ್, ತಕ್ಕ ಟರ್ಬೊ ಹಾಕಿದರೆ 1.8ರಲ್ಲೇ ಆ ಶಕ್ತಿ ಬರುತ್ತದೆ. ಸ್ಟ್ರೋಕರ್ ಕೊಡುವ ಲಾಭವೇ ಬೇರೆ: ಕಡಿಮೆ ಆರ್‌ಪಿಎಂನಲ್ಲೇ ಟರ್ಬೊ ಬೇಗ ಎಚ್ಚರಗೊಳ್ಳುತ್ತದೆ. ದೇವರಾಯನದುರ್ಗ ಬೆಟ್ಟದ ತಿರುವಿನಲ್ಲಿ ಕೋತಿಗಾಗಿ ಬ್ರೇಕ್ ಹಾಕಿ ಮತ್ತೆ ಏರುವಾಗ ಗೇರ್ ಇಳಿಸದೆ ಗಾಡಿ ಎಳೆಯುತ್ತದಲ್ಲ, ಅದಕ್ಕೆ ನಾನು ದುಡ್ಡು ಕೊಟ್ಟೆ.

ಬದಲಿಗೆ ಮೇಲ್ಮಟ್ಟದ ಆರ್‌ಪಿಎಂ ಬಿಟ್ಟುಕೊಡಬೇಕು. 86.4 ಸ್ಟ್ರೋಕ್‌ನಲ್ಲಿ 7000ಕ್ಕೆ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 20.2 ಮೀಟರ್. 92.8ರಲ್ಲಿ ಅದೇ ವೇಗ 6500ಕ್ಕೇ ಬಂದುಬಿಡುತ್ತದೆ.

ಪಿಸ್ಟನ್ ಆರ್ಡರ್ ಮಾಡುವಾಗ ಈ ಲೆಕ್ಕ ಕೈಯಲ್ಲಿರಲಿ. ಬ್ಲಾಕ್‌ನ ಎತ್ತರ, ಅಂದರೆ ಕ್ರ್ಯಾಂಕ್ ನಡುವಿನಿಂದ ಮೇಲಿನ ಮುಖದವರೆಗೆ, 220 ಮಿ.ಮೀ. ಅದರಲ್ಲಿ ಅರ್ಧ ಸ್ಟ್ರೋಕ್ 46.4, ರಾಡ್ 144 ಕಳೆಯಿರಿ, ಉಳಿದ 29.6ರಲ್ಲಿ ಪಿಸ್ಟನ್ನನ್ನು ರಾಡ್‌ಗೆ ಹಿಡಿದಿಡುವ ಗಜನ್ ಪಿನ್‌ನ ನಡುವಿನಿಂದ ಪಿಸ್ಟನ್ನಿನ ತಲೆಯವರೆಗೆ ಹಿಡಿಸಬೇಕು. ಹಳೆಯ ಪಿಸ್ಟನ್ ಹಾಕಿದರೆ 3.2 ಮಿ.ಮೀ. ಹೊರಗೆ ಇಣುಕುತ್ತದೆ. ಕಂಪ್ರೆಷನ್ನೂ, ಅಂದರೆ ಒಳಗಿನ ಮಿಶ್ರಣವನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆ ಎಂಬುದೂ, ಏರುತ್ತದೆ. ಮೊದಲು 9.5 ಇತ್ತೆಂದು ಹಿಡಿಯಿರಿ. ದಹನ ಕೋಣೆಯ ಜಾಗ ಅಷ್ಟೇ ಇಟ್ಟು 2008 ಸಿಸಿ ಮಾಡಿದರೆ 10.6 ಆಗುತ್ತದೆ. ನಾನಾದರೆ 9ಕ್ಕೆ ಇಳಿಸುತ್ತೇನೆ. ಅದಕ್ಕೆ ಪ್ರತಿ ಸಿಲಿಂಡರಿಗೂ ಸುಮಾರು 10 ಸಿಸಿ ಹೆಚ್ಚು ಜಾಗ ಪಿಸ್ಟನ್ ತಲೆಯ ತಗ್ಗಿನಲ್ಲಿ ಸಿಗಬೇಕು.

ಈಗ ನನ್ನ ಪೆದ್ದುತನ. ಮೊದಲ ಸಲ ಬೋರ್ ಹೊಡೆಸಿದ್ದು ಟ್ರ್ಯಾಕ್ಟರ್, ಲಾರಿ ಬ್ಲಾಕ್‌ಗಳನ್ನು ಮಾಡುವ ಅಂಗಡಿಯಲ್ಲಿ. ರಿಂಗ್ ಗ್ಯಾಪ್ (ಪಿಸ್ಟನ್ ರಿಂಗ್‌ನ ಎರಡು ತುದಿಗಳ ನಡುವಿನ ಸಂದು) ಎಷ್ಟೆಂದು ಕೇಳಿದ್ದಕ್ಕೆ ‘ಡಬ್ಬಿಯಿಂದ ತೆಗೆದು ಹಾಕುವುದೇ, ಹೊಸ ರಿಂಗಲ್ಲವೇ’ ಎಂದರು. ಅವರ ಗಿರಾಕಿಗಳಿಗೆ ಅದು ಸರಿಯೇ ಇದ್ದಿರಬಹುದು, ನಾನೂ ತಲೆಯಾಡಿಸಿದೆ. ದುರ್ಗದ ಎರಡನೇ ಏರಿಗೆ ಹಿಂದೆ ನೀಲಿ ಹೊಗೆ. ಬಿಚ್ಚಿ ನೋಡಿದರೆ ಮೂರನೇ ಪಿಸ್ಟನ್ನಿನಲ್ಲಿ ಎರಡು ರಿಂಗ್‌ಗಳ ನಡುವಿನ ಅಂಚು ಉಗುರಿನಷ್ಟು ಮುರಿದಿತ್ತು. ಮೇಲಿನ ರಿಂಗ್‌ನ ಎರಡು ತುದಿಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಬಿಸಿಗೆ ರಿಂಗ್ ಹಿಗ್ಗಿ, ತುದಿಗೆ ತುದಿ ತಾಗಿ, ಹೋಗಲು ಜಾಗವಿಲ್ಲದೆ ಪಿಸ್ಟನ್ನನ್ನೇ ಒಡೆದಿದೆ. ಟರ್ಬೊಗೆ 83ರ ಬೋರ್‌ನಲ್ಲಿ ಮೇಲಿನ ರಿಂಗ್‌ಗೆ 0.4 ಮಿ.ಮೀ.ಗಿಂತ ಕಡಿಮೆ ಬಿಡಲು ನನಗೆ ಈಗ ಧೈರ್ಯವಿಲ್ಲ. ಪಿಸ್ಟನ್ ಜೊತೆ ಬರುವ ಚೀಟಿ ಹೆಚ್ಚು ಹೇಳಿದರೆ ಹೆಚ್ಚೇ ಬಿಡಿ. ಪ್ರತಿ ರಿಂಗನ್ನೂ ಅದೇ ಸಿಲಿಂಡರಿಗೆ ಇಳಿಸಿ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ, ತುದಿಯನ್ನು ಅರದಿಂದ ಉಜ್ಜಿ. ಒಂದು ಭಾನುವಾರ ಹೋಗುತ್ತದೆ, ಹೋಗಲಿ.

ಹೋನಿಂಗ್ (ಕೊರೆದ ಬೋರನ್ನು ಕಲ್ಲಿನಿಂದ ಉಜ್ಜಿ ಅಳತೆಗೆ ತರುವುದು) ಮಾಡುವಾಗ ಟಾರ್ಕ್ ಪ್ಲೇಟ್ ಇದೆಯೇ ಎಂದು ಕೇಳಿ. ಹೆಡ್ ಬೋಲ್ಟ್ ಬಿಗಿದಾಗ ಬೋರ್ ಸ್ವಲ್ಪ ಸೊಟ್ಟಗಾಗುತ್ತದೆ. ಹೆಡ್ ಜಾಗದಲ್ಲಿ ಈ ದಪ್ಪ ತಟ್ಟೆ ಬಿಗಿದು ಹೋನ್ ಮಾಡಿದರೆ ಹೆಡ್ ಕೂತ ಮೇಲೆ ಗುಂಡಗೆ ಉಳಿಯುತ್ತದೆ. ‘ಅದೇನದು?’ ಎಂದು ಅವರೇ ನಿಮ್ಮನ್ನು ಕೇಳಿದರೆ ಬ್ಲಾಕ್ ಎತ್ತಿಕೊಂಡು ಬನ್ನಿ. ಮೇನ್ ಬೇರಿಂಗ್‌ಗೆ, 54 ಮಿ.ಮೀ. ಜರ್ನಲ್ (ಬೇರಿಂಗ್ ಒಳಗೆ ತಿರುಗುವ ಕ್ರ್ಯಾಂಕ್ ಭಾಗ) ಆದ್ದರಿಂದ, 0.05 ಮಿ.ಮೀ.ನ ಆಸುಪಾಸಿನ ಸಡಿಲ ಸಾಕು.

ಜೋಡಿಸುವಾಗ ಹೆಡ್ ಹಾಕುವ ಮುನ್ನವೇ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ಣ ಸುತ್ತು ತಿರುಗಿಸಿ. ಪಿಸ್ಟನ್ ಕೆಳಗೆ ಎಣ್ಣೆ ಚಿಮ್ಮಿಸುವ ಜೆಟ್‌ಗಳಿವೆ. ಉದ್ದ ಸ್ಟ್ರೋಕ್‌ನಲ್ಲಿ ಪಿಸ್ಟನ್ನಿನ ಸ್ಕರ್ಟ್ (ಕೆಳ ಅಂಚು) ಅಥವಾ ಕ್ರ್ಯಾಂಕ್‌ನ ತೂಕದ ಭಾಗ ಅವಕ್ಕೆ ತಾಗಬಹುದು. ತಾಗಿದರೆ ಜೆಟ್ಟನ್ನು ಸ್ವಲ್ಪ ಬಾಗಿಸಿ. ಕಿತ್ತು ಮುಚ್ಚಬೇಡಿ, ಪಿಸ್ಟನ್ ತಣ್ಣಗಿರುವುದೇ ಅದರಿಂದ. ಸಂಪ್ (ಕೆಳಗಿನ ಎಣ್ಣೆ ತೊಟ್ಟಿ) ಬಿಚ್ಚಿದಾಗ ಎಣ್ಣೆ ಹೀರುವ ಆಯಿಲ್ ಪಿಕಪ್ ಜಾಲರಿಯನ್ನೂ ನೋಡಿ. ಕೆಸರು ಕಟ್ಟುವುದು ಈ ಎಂಜಿನ್‌ನ ಹಳೆಯ ಚಾಳಿ.

300 ಎಚ್‌ಪಿಗೆ ನಿಮಿಷಕ್ಕೆ 550 ಸಿಸಿಯ ನಾಲ್ಕು ಇಂಜೆಕ್ಟರ್ (ಪೆಟ್ರೋಲ್ ಸಿಂಪಡಿಸುವ ನಳಿಕೆ) ಬೇಕು. ಇ20 (20% ಎಥನಾಲ್ ಬೆರೆಸಿದ) ಪೆಟ್ರೋಲ್ ಹಾಕುವುದಾದರೆ ಇನ್ನೂ ಸ್ವಲ್ಪ ದೊಡ್ಡದು, ಎಥನಾಲ್ ಇದ್ದಷ್ಟೂ ಇಂಧನ ಹೆಚ್ಚು ಬೇಕಾಗುತ್ತದೆ. ಚೆನ್ನೈ ಕಡೆಯವರ ಬೂಸ್ಟ್ (ಟರ್ಬೊ ಒತ್ತಡದ) ಅಂಕಿಯನ್ನು ಹಾಗೇ ನಕಲು ಮಾಡಬೇಡಿ. ನಾವು ಸಮುದ್ರಮಟ್ಟದಿಂದ 800 ಮೀಟರ್ ಮೇಲಿದ್ದೇವೆ, ಗೇಜ್ 1.2 ಬಾರ್ ತೋರಿಸುವಾಗ ಅಲ್ಲಿನ ಟರ್ಬೊ ಗಾಳಿಯನ್ನು 2.2 ಪಟ್ಟು ಒತ್ತಿದರೆ ನಮ್ಮದು 2.3 ಪಟ್ಟು ಒತ್ತಬೇಕು, ಅಷ್ಟು ಹೆಚ್ಚು ಬಿಸಿಯೂ ಆಗುತ್ತದೆ.

ಇನ್ನು ಆರ್‌ಸಿ. ಅದರಲ್ಲಿರುವುದು 1781 ಸಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಇಂಥ ಬದಲಾವಣೆ ನಿಷಿದ್ಧ. ಸಿಕ್ಕಿಬಿದ್ದರೆ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ನನ್ನ ಗಾಡಿ ಈಗ ಟ್ರೈಲರ್ ಮೇಲೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ ಹೋಗಿ ಬರುತ್ತದೆ, ಅಷ್ಟೇ. ದುರ್ಗಕ್ಕೆ ಮನೆಯವರ ಜೊತೆ ಆಲ್ಟೊದಲ್ಲಿ ಹೋಗುತ್ತೇನೆ.

ಹೆಡ್ ಎತ್ತಿದ ದಿನ ನಾಲ್ಕೂ ಸಿಲಿಂಡರಿನ ಅಳತೆಯನ್ನು ಮೇಲೆ, ನಡುವೆ, ಕೆಳಗೆ, ಅಡ್ಡ ಮತ್ತು ಉದ್ದ ತೆಗೆದು ಇಲ್ಲೇ ಬರೆಯಿರಿ. 82.5 ಸಾಕೇ, 83ಕ್ಕೆ ಹೋಗಬೇಕೇ ಎಂಬುದನ್ನು ಅದು ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಪಿಸ್ಟನ್‌ಗೆ ಮುಂಗಡ ಕೊಡಬೇಡಿ.