ಎಲ್‌ಎಸ್50 ಮೆಟಾ ಸ್ಪೀಕರ್‌ಗಳಿಗೆ ರಿಸೀವರ್ ಸಾಕೇ, ಬೇರೆ ಪವರ್ ಆಂಪ್ಲಿಫೈಯರ್ ಬೇಕೇ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಕೆಇಎಫ್ ಎಲ್‌ಎಸ್50 ಮೆಟಾ ಜೋಡಿ ಈಗಾಗಲೇ ನಿಮ್ಮ ಬಳಿ ಇದೆ, ಅದನ್ನೇ ಮುಂದಿನ ಎಡ-ಬಲ ಸ್ಪೀಕರ್‌ಗಳಾಗಿ ಇಟ್ಟುಕೊಂಡು 5.1 ಹೋಮ್ ಥಿಯೇಟರ್ (ಐದು ಸ್ಪೀಕರ್, ಜೊತೆಗೆ ಮಂದ್ರಕ್ಕೆಂದೇ ಇರುವ ಒಂದು ಸಬ್‌ವೂಫರ್) ಕಟ್ಟಬೇಕು. ಕೋಣೆ 12ಕ್ಕೆ 15 ಅಡಿ, ಸೋಫಾ ಹತ್ತು ಅಡಿ ದೂರದಲ್ಲಿ. ಒಬ್ಬ ಅಂಗಡಿಯವರು 165 ವ್ಯಾಟ್‌ನ ರಿಸೀವರ್ (ಸಿನಿಮಾದ ಸದ್ದನ್ನು ಬಿಡಿಸಿ ಎಲ್ಲ ಸ್ಪೀಕರ್‌ಗಳಿಗೂ ಶಕ್ತಿ ಕೊಡುವ ಪೆಟ್ಟಿಗೆ) ಒಂದೇ ಸಾಕು ಎಂದಿದ್ದಾರೆ; ಇನ್ನೊಬ್ಬರು 200 ವ್ಯಾಟ್‌ನ ಪ್ರತ್ಯೇಕ ಪವರ್ ಆಂಪ್ಲಿಫೈಯರ್ ಇಲ್ಲದೆ ಈ ಸ್ಪೀಕರ್‌ಗಳನ್ನು ಮುಟ್ಟಲೇಬಾರದು ಎಂದಿದ್ದಾರೆ. ಯಾರನ್ನು ನಂಬಬೇಕು ಎಂದು ಕೇಳಿದ್ದೀರಿ.

ಇಬ್ಬರನ್ನೂ ನಂಬುವ ಅಗತ್ಯವಿಲ್ಲ. ಆಂಪ್ಲಿಫೈಯರ್ ಎಷ್ಟು ದೊಡ್ಡದಿರಬೇಕು ಎಂಬುದನ್ನು ತೀರ್ಮಾನಿಸುವುದು ನಿಮ್ಮ ಸ್ಪೀಕರ್, ನೀವು ಕೂರುವ ದೂರ ಮತ್ತು ನೀವು ಎಷ್ಟು ಜೋರಾಗಿ ಕೇಳುತ್ತೀರಿ ಎಂಬುದು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ವ್ಯಾಟ್‌ಗೆ ಇದರಲ್ಲಿ ದೊಡ್ಡ ಪಾತ್ರವಿಲ್ಲ. ಲೆಕ್ಕ ತೀರಾ ಸಣ್ಣದು, ಮಾಡಿಯೇ ತೋರಿಸುತ್ತೇನೆ.

ಎಲ್‌ಎಸ್50 ಮೆಟಾದ ಸಂವೇದನೆ, ಅಂದರೆ ಸೆನ್ಸಿಟಿವಿಟಿ, 85 ಡೆಸಿಬೆಲ್ ಎಂದು ಕಂಪನಿ ಹೇಳುತ್ತದೆ. ಸ್ಪೀಕರ್‌ಗೆ 2.83 ವೋಲ್ಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದಾಗ ಸಿಗುವ ಸದ್ದು ಅದು. 8 ಓಮ್ ಹೊರೆಯ ಮೇಲೆ 2.83 ವೋಲ್ಟ್ ಎಂದರೆ ಒಂದು ವ್ಯಾಟ್. ನೀವು ಕೂರುವುದು ಸುಮಾರು ಮೂರು ಮೀಟರ್ ದೂರದಲ್ಲಿ. ಬಯಲಿನಲ್ಲಾಗಿದ್ದರೆ ಅಷ್ಟು ದೂರ ಸಾಗುವಷ್ಟರಲ್ಲಿ 9.5 ಡೆಸಿಬೆಲ್ ಇಳಿಯುತ್ತಿತ್ತು. ಮನೆಯಲ್ಲಿ ಗೋಡೆಗಳು ಸದ್ದನ್ನು ಹಿಂದಿರುಗಿಸುವುದರಿಂದ ಇಳಿಕೆ ಅದಕ್ಕಿಂತ ಕಡಿಮೆ. 7 ಎಂದು ಹಿಡಿಯೋಣ. ಆಗ ಒಂದು ವ್ಯಾಟ್‌ಗೆ ಸೋಫಾದಲ್ಲಿ ಕೇಳಿಸುವುದು 78 ಡೆಸಿಬೆಲ್. ಶಕ್ತಿ ಹತ್ತು ಪಟ್ಟಾದರೆ ಸದ್ದು 10 ಡೆಸಿಬೆಲ್ ಏರುತ್ತದೆ. ಹಾಗಾಗಿ 10 ವ್ಯಾಟ್‌ಗೆ 88, 100 ವ್ಯಾಟ್‌ಗೆ 98. ಇದು ಒಂದೇ ಸ್ಪೀಕರ್‌ನ ಲೆಕ್ಕ.

ಎಷ್ಟು ಸದ್ದು ಬೇಕು? ಚಿತ್ರಮಂದಿರದ ಪ್ರಮಾಣದಲ್ಲಿ ಒಂದು ಮುಖ್ಯ ಚಾನೆಲ್‌ನ (ಒಂದು ಸ್ಪೀಕರ್‌ಗೆಂದು ಹೋಗುವ ಸದ್ದಿನ) ಅತಿ ಜೋರಿನ ಕ್ಷಣ 105 ಡೆಸಿಬೆಲ್. ಮನೆಯ ಸಣ್ಣ ಕೋಣೆಯಲ್ಲಿ ಅದನ್ನು ಪೂರ್ತಿ ಸಿನಿಮಾ ಮುಗಿಯುವ ತನಕ ಸಹಿಸುವವರನ್ನು ನಾನು ಕಂಡಿಲ್ಲ. ಹೆಚ್ಚಿನವರು ಅದಕ್ಕಿಂತ 10ರಿಂದ 15 ಡೆಸಿಬೆಲ್ ಕೆಳಗೇ ನಿಲ್ಲಿಸುತ್ತಾರೆ. 95 ಎಂದು ಇಟ್ಟುಕೊಂಡರೂ ನಿಮಗೆ ಬೇಕಾಗುವುದು 50 ವ್ಯಾಟ್, ಅದೂ ಕಣ್ಣು ಮಿಟುಕಿಸುವಷ್ಟು ಹೊತ್ತಿನ ಶಿಖರಕ್ಕೆ. ಪಾತ್ರಗಳು ಕುಳಿತು ಮಾತನಾಡುವ ದೃಶ್ಯದಲ್ಲಿ ಒಂದು ವ್ಯಾಟ್ ಕೂಡ ಪೂರ್ತಿ ಖರ್ಚಾಗುವುದಿಲ್ಲ.

ಇನ್ನು 200 ವ್ಯಾಟ್‌ನ ಮಾತು. ಈ ಸ್ಪೀಕರ್ ಒಂದು ಮೀಟರ್‌ನಲ್ಲಿ ಗರಿಷ್ಠ 106 ಡೆಸಿಬೆಲ್ ಕೊಡಬಲ್ಲದು ಎಂದು ಕೆಇಎಫ್ ಬರೆದಿದೆ. 85ರಿಂದ 106ಕ್ಕೆ 21 ಡೆಸಿಬೆಲ್ ಅಂತರ. ಅದಕ್ಕೆ ಸುಮಾರು 125 ವ್ಯಾಟ್ ಬೇಕು. ಅದರಾಚೆ ನೀವು ಎಷ್ಟು ಸುರಿದರೂ ಆ ಐದೂಕಾಲು ಇಂಚಿನ ಕೋನ್‌ನಿಂದ ಇನ್ನೇನೂ ಹೊರಡುವುದಿಲ್ಲ. ಕಂಪನಿಯೇ ಸೂಚಿಸುವ ಆಂಪ್ಲಿಫೈಯರ್ ಶಕ್ತಿ 40ರಿಂದ 100 ವ್ಯಾಟ್. 100ರಿಂದ 200ಕ್ಕೆ ಏರಿದರೆ ಕೈಗೆ ಸಿಗುವ ಲಾಭ ಕೇವಲ 3 ಡೆಸಿಬೆಲ್, ಮತ್ತು ನಿಮ್ಮ ವಿಷಯದಲ್ಲಿ ಅದರ ದೊಡ್ಡ ಪಾಲು ಸ್ಪೀಕರ್‌ನ ಮಿತಿಯ ಆಚೆಗೆ ಬೀಳುತ್ತದೆ. ಅದಕ್ಕಾಗಿ ಅಷ್ಟೊಂದು ಹಣ ಕೊಡಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ.

ಆದರೂ ಎರಡನೆಯ ಅಂಗಡಿಯವರ ಮಾತಿನಲ್ಲಿ ಒಂದು ನಿಜವಿದೆ. ಎಲ್‌ಎಸ್50 ಮೆಟಾದ ಮೇಲೆ 8 ಓಮ್ ಎಂದು ಬರೆದಿದ್ದರೂ ಅದರ ಕನಿಷ್ಠ ಮಟ್ಟ 3.5 ಓಮ್. ಸ್ಪೀಕರ್‌ನ ಇಂಪೀಡೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ, ಓಮ್‌ನಲ್ಲಿ ಅಳೆಯುವ ತಡೆ, ಸ್ಥಿರ ಸಂಖ್ಯೆಯಲ್ಲ. ಸ್ವರದ ಕಂಪನಾಂಕ ಬದಲಾದಂತೆ ಏರುತ್ತಾ ಇಳಿಯುತ್ತಾ ಇರುತ್ತದೆ. 50 ವ್ಯಾಟ್‌ಗೆ ಬೇಕಾದ 20 ವೋಲ್ಟ್ ಅನ್ನು 8 ಓಮ್‌ಗೆ ಕೊಡುವಾಗ ಹರಿಯುವ ಕರೆಂಟ್ 2.5 ಆಂಪಿಯರ್, ಅದೇ 20 ವೋಲ್ಟ್ 3.5 ಓಮ್‌ನ ತಗ್ಗನ್ನು ಎದುರಿಸಿದರೆ 5.7 ಆಂಪಿಯರ್. ಅಗ್ಗದ ರಿಸೀವರ್ ಸೋಲುವುದು ಇಲ್ಲಿ. ವೋಲ್ಟೇಜ್ ಇದ್ದರೂ ಕರೆಂಟ್ ಒದಗಿಸಲಾಗದೆ ಕಾವೇರುತ್ತದೆ, ಕೊನೆಗೆ ತನ್ನನ್ನು ತಾನು ಉಳಿಸಿಕೊಳ್ಳಲು ಬಂದ್ ಆಗುತ್ತದೆ. ಹಾಗಾಗಿ ರಿಸೀವರ್ 4 ಓಮ್ ಸ್ಪೀಕರ್‌ಗಳಿಗೂ ಒಪ್ಪುತ್ತದೆ ಎಂದು ಅದರ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದೆಯೇ ಎಂದು ನೋಡಿ. ವ್ಯಾಟ್‌ಗಿಂತ ಈ ಸಾಲು ಮುಖ್ಯ.

ಮೊದಲ ಅಂಗಡಿಯವರು ಹೇಳಿದ 165 ವ್ಯಾಟ್ ಎಲ್ಲಿಂದ ಬಂತು ಎಂಬುದನ್ನೂ ನೋಡೋಣ. ಸಣ್ಣಕ್ಷರ ಓದಿದರೆ ಇಂಥ ಸಂಖ್ಯೆಗಳ ಪಕ್ಕದಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ: 6 ಓಮ್, 1 ಕಿಲೋಹರ್ಟ್ಜ್, ಶೇ 10 ಡಿಸ್ಟಾರ್ಷನ್, ಒಂದೇ ಚಾನೆಲ್. ಅಂದರೆ ಒಂದೇ ಸ್ವರ, ಒಂದೇ ಸ್ಪೀಕರ್, ಮತ್ತು ಹತ್ತರಲ್ಲೊಂದು ಪಾಲು ವಿಕಾರ. ಆ ಮಟ್ಟದಲ್ಲಿ ಯಾರೂ ಸಂಗೀತ ಕೇಳಲಾರರು. ನೀವು ಹುಡುಕಬೇಕಾದ ಸಾಲು ಬೇರೆ: 8 ಓಮ್, 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್, ಶೇ 0.1ಕ್ಕಿಂತ ಕಡಿಮೆ ಡಿಸ್ಟಾರ್ಷನ್, ಎರಡು ಚಾನೆಲ್. ಡೆನಾನ್‌ನ ಎವಿಆರ್-ಎಕ್ಸ್2800ಎಚ್ ಈ ಅಳತೆಯಲ್ಲಿ 95 ವ್ಯಾಟ್, ಎಕ್ಸ್3800ಎಚ್ 105 ವ್ಯಾಟ್. ಇವೆರಡರ ನಡುವಿನ 10 ವ್ಯಾಟ್ ಕಿವಿಗೆ ತಿಳಿಯುವ ವ್ಯತ್ಯಾಸವೇ ಅಲ್ಲ, ಅರ್ಧ ಡೆಸಿಬೆಲ್‌ಗಿಂತಲೂ ಕಡಿಮೆ. ಈ ವ್ಯಾಟ್ ಗೊಂದಲ ಹಳೆಯದು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ಆಂಪ್ಲಿಫೈಯರ್ ಶಕ್ತಿಯ ಜಾಹೀರಾತುಗಳಿಗೆ ನಿಯಮ ಮಾಡಿ, 2024ರಲ್ಲಿ ಅದನ್ನು ಮತ್ತೆ ಬಿಗಿ ಮಾಡಬೇಕಾಯಿತು.

ಎರಡು ಚಾನೆಲ್‌ನ ಸಂಖ್ಯೆ ಐದಕ್ಕೂ ಅನ್ವಯಿಸುತ್ತದೆಯೇ? ಇಲ್ಲ. ರಿಸೀವರ್‌ನ ಎಲ್ಲ ಚಾನೆಲ್‌ಗಳಿಗೂ ಸೇರಿ ಇರುವುದು ಒಂದೇ ಪವರ್ ಸಪ್ಲೈ. ತಾರಸಿಯ ಮೇಲಿನ ಒಂದೇ ಟ್ಯಾಂಕಿನಿಂದ ಮನೆಯ ಎಲ್ಲ ನಲ್ಲಿಗಳಿಗೂ ನೀರು ಬರುವ ಹಾಗೆ, ಎಲ್ಲವನ್ನೂ ಒಟ್ಟಿಗೆ ತಿರುಗಿಸಿದರೆ ಪ್ರತಿಯೊಂದರ ಧಾರೆಯೂ ತೆಳ್ಳಗಾಗುತ್ತದೆ. ಆದರೆ ಸಿನಿಮಾದಲ್ಲಿ ಐದೂ ಸ್ಪೀಕರ್‌ಗಳು ಒಂದೇ ಕ್ಷಣದಲ್ಲಿ ಪೂರ್ತಿ ದುಡಿಯುವುದು ಅಪರೂಪ, ಹಿಂದಿನ ಎರಡು ಹೆಚ್ಚಿನ ಹೊತ್ತು ಪಿಸುಗುಡುತ್ತಲೇ ಇರುತ್ತವೆ. ಆದ್ದರಿಂದ ನಿಮ್ಮ ಕೋಣೆಗೆ 95-105 ವ್ಯಾಟ್‌ನ ಪ್ರಾಮಾಣಿಕ ರಿಸೀವರ್ ಸಾಕು.

ಹಾಗಾದರೆ ಉಳಿದ ಹಣ ಎಲ್ಲಿಗೆ? ಸಬ್‌ವೂಫರ್‌ಗೆ. ಈ ಪ್ರಶ್ನೆಯಲ್ಲಿ ನೀವು ಕೇಳದಿದ್ದರೂ ನಿಮ್ಮ ಥಿಯೇಟರಿನ ಹಣೆಬರಹ ಇರುವುದು ಅದರಲ್ಲಿ. ಎಲ್‌ಎಸ್50 ಮೆಟಾ 79 ಹರ್ಟ್ಜ್‌ನಲ್ಲೇ 3 ಡೆಸಿಬೆಲ್ ಇಳಿದಿರುತ್ತದೆ. ಗುಡುಗು, ಸ್ಫೋಟ, ತಬಲಾದ ಎಡದ ಆಳ ಇವೆಲ್ಲ ಅದಕ್ಕಿಂತ ಕೆಳಗೂ ಇವೆ. ರಿಸೀವರ್‌ನ ಮೆನುವಿನಲ್ಲಿ ಎಲ್ಲ ಸ್ಪೀಕರ್‌ಗಳನ್ನೂ ‘ಸ್ಮಾಲ್’ ಎಂದು ಗುರುತಿಸಿ. ಕ್ರಾಸ್‌ಓವರ್‌ಗೆ, ಅಂದರೆ ಯಾವ ಕಂಪನಾಂಕದಿಂದ ಕೆಳಗಿನ ಸದ್ದು ಸಬ್‌ವೂಫರ್‌ಗೆ ಹೋಗಬೇಕೆಂಬ ಗಡಿಗೆ, ಎಲ್ಲರೂ ಹೇಳುವ ಸಂಖ್ಯೆ 80 ಹರ್ಟ್ಜ್, ಆದರೆ ಈ ಸ್ಪೀಕರ್‌ಗೆ ನಾನು 100ರಿಂದ ಆರಂಭಿಸಿ ಕಿವಿ ಕೊಟ್ಟು ನೋಡಿ ಎನ್ನುತ್ತೇನೆ. ಮಂದ್ರದ ಭಾರ ಸಬ್‌ವೂಫರಿನ ಸ್ವಂತ ಆಂಪ್ಲಿಫೈಯರ್‌ಗೆ ಹೋದ ಕೂಡಲೇ ಎರಡು ಉಪಕಾರಗಳಾಗುತ್ತವೆ: ರಿಸೀವರ್‌ಗೆ ಉಸಿರಾಡಲು ಜಾಗ ಸಿಗುತ್ತದೆ, ಪುಟ್ಟ ಕೋನ್ ಹಿಂದೆ ಮುಂದೆ ಜಿಗಿಯುವುದು ಕಡಿಮೆಯಾಗಿ ಮಾತು, ಹಾಡು ತಿಳಿಯಾಗುತ್ತದೆ. ಇನ್ನೂರು ವ್ಯಾಟ್‌ನ ಪವರ್ ಆಂಪ್ಲಿಫೈಯರ್ ಕೊಡದ ಬದಲಾವಣೆಯನ್ನು ಒಂದು ಒಳ್ಳೆಯ ಸಬ್‌ವೂಫರ್ ಕೊಡುತ್ತದೆ. ಅಪಾರ್ಟ್‌ಮೆಂಟ್ ಆದರೆ ಕೆಳಗಿನ ಮನೆಯವರ ನಿದ್ದೆಯನ್ನೂ ನೆನಪಿನಲ್ಲಿಡಿ. ಹೆಚ್ಚಿನ ರಿಸೀವರ್‌ಗಳಲ್ಲಿ ರಾತ್ರಿಯ ಹೊತ್ತಿಗೆಂದೇ ಏರಿಳಿತ ತಗ್ಗಿಸುವ ಸೌಲಭ್ಯ ಇರುತ್ತದೆ.

ಎರಡನೆಯ ಆದ್ಯತೆ ಕೋಣೆ. ನಮ್ಮ ಮನೆಗಳ ಆರ್‌ಸಿಸಿ ಸೂರು, ಗಾರೆ ಗೋಡೆ, ಟೈಲ್ಸ್ ನೆಲ ಸದ್ದನ್ನು ಹೀರುವುದೇ ಇಲ್ಲ. ಚಪ್ಪಾಳೆ ತಟ್ಟಿ ನೋಡಿ. ಝೇಂಕಾರ ಬಂದರೆ ಎಷ್ಟು ದುಬಾರಿ ಆಂಪ್ಲಿಫೈಯರ್ ತಂದರೂ ಸಂಭಾಷಣೆ ಕಲಸಿಹೋಗುತ್ತದೆ. ಸೋಫಾದ ಮುಂದೆ ದಪ್ಪ ಜಮಖಾನ, ಕಿಟಕಿಗೆ ಭಾರದ ಪರದೆ, ಪಕ್ಕದ ಗೋಡೆಗೆ ಪುಸ್ತಕದ ಕಪಾಟು, ಇಷ್ಟರಿಂದಲೇ ಬಹಳ ಸುಧಾರಿಸುತ್ತದೆ. ನಂತರ ರಿಸೀವರ್‌ನ ಕೋಣೆ ತಿದ್ದುಪಡಿಯನ್ನು (ಮೈಕಿನಿಂದ ಕೋಣೆಯ ಸದ್ದನ್ನು ಅಳೆದು ಸರಿಹೊಂದಿಸುವ ವ್ಯವಸ್ಥೆ) ಓಡಿಸಿ. ಡೆನಾನ್, ಮರಾಂಟ್ಜ್‌ನವರಲ್ಲಿ ಆಡಿಸ್ಸಿ, ಯಮಹಾದಲ್ಲಿ ವೈಪಿಎಒ, ಆಂಕಿಯೋದ ಆರ್‌ಝಡ್ ಸರಣಿಯ ಹೊಸ ಮಾದರಿಗಳಲ್ಲಿ ಡೈರಾಕ್ ಲೈವ್ ಇರುತ್ತದೆ. ಮಂದ್ರದ ಉಬ್ಬುಗಳನ್ನು ಇವು ಚೆನ್ನಾಗಿ ತಗ್ಗಿಸುತ್ತವೆ, ಪ್ರತಿಧ್ವನಿಯನ್ನು ಮಾತ್ರ ಅಳಿಸಲಾರವು. ಮೈಕನ್ನು ಕಿವಿಯ ಎತ್ತರಕ್ಕೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಸೋಫಾದ ಬೆನ್ನಿನ ಮೇಲೆ ಒರಗಿಸಬೇಡಿ, ಫ್ಯಾನ್ ಆರಿಸಿ.

ಸೆಂಟರ್ ಸ್ಪೀಕರ್ ಬಗ್ಗೆ ಒಂದೇ ಮಾತು: ಕೆಇಎಫ್‌ನದೇ ಯೂನಿ-ಕ್ಯೂ ಡ್ರೈವರ್ (ಕೋನ್‌ನ ನಡುವೆಯೇ ಟ್ವೀಟರ್ ಕೂರಿಸಿದ ಘಟಕ) ಇರುವುದನ್ನೇ ಕೊಳ್ಳಿ, ಪಾತ್ರ ಪರದೆಯಲ್ಲಿ ಅಡ್ಡ ನಡೆದಾಗ ದನಿಯ ಬಣ್ಣ ಬದಲಾಗಬಾರದು. ಸಂವೇದನೆ ಎರಡು-ಮೂರು ಡೆಸಿಬೆಲ್ ಹೆಚ್ಚು ಕಡಿಮೆ ಇದ್ದರೆ ರಿಸೀವರ್ ಸರಿದೂಗಿಸುತ್ತದೆ.

ಹಾಗೆಂದು ಪವರ್ ಆಂಪ್ಲಿಫೈಯರ್ ಯಾರಿಗೂ ಬೇಡ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಬಳಿ ಮ್ಯಾಗ್ನೆಪ್ಯಾನ್ ಎಲ್‌ಆರ್‌ಎಸ್‌ನಂಥ ಪ್ಯಾನೆಲ್ ಸ್ಪೀಕರ್ ಇದ್ದಿದ್ದರೆ ಉತ್ತರ ಬೇರೆ ಇರುತ್ತಿತ್ತು. ಅದು 4 ಓಮ್, 86 ಡೆಸಿಬೆಲ್. ಕಾಗದದ ಮೇಲೆ ನಿಮ್ಮದಕ್ಕಿಂತ ಒಂದು ಡೆಸಿಬೆಲ್ ಹೆಚ್ಚು ಕಂಡರೂ, 4 ಓಮ್‌ಗೆ 2.83 ವೋಲ್ಟ್ ಎಂದರೆ ಎರಡು ವ್ಯಾಟ್. ಒಂದೇ ವ್ಯಾಟ್‌ಗೆ ಸಿಗುವುದು 83 ಮಾತ್ರ. ಅಂಥ ಸ್ಪೀಕರ್‌ಗೆ, ಅಥವಾ ಸೋಫಾ ಹದಿನೆಂಟು ಇಪ್ಪತ್ತು ಅಡಿ ಹಿಂದಿರುವ ದೊಡ್ಡ ಹಾಲ್‌ಗೆ, ಕರೆಂಟ್ ಧಾರಾಳವಾಗಿ ಕೊಡುವ ಪವರ್ ಆಂಪ್ಲಿಫೈಯರ್ ನಿಜಕ್ಕೂ ಬೇಕು. ಕ್ಲಿಪ್ಶ್‌ನವರ ಹಾರ್ನ್ ಸ್ಪೀಕರ್‌ಗಳಲ್ಲಿ ಇದಕ್ಕೆ ತದ್ವಿರುದ್ಧ, ಸಂವೇದನೆ ತುಂಬಾ ಹೆಚ್ಚಿರುವುದರಿಂದ ಸಣ್ಣ ಆಂಪ್ಲಿಫೈಯರ್ ಕೂಡ ಮನೆ ತುಂಬಿಸುತ್ತದೆ.

ಮುಂದೆ ಮನಸ್ಸು ಬದಲಾದರೆ ಎಂಬ ಯೋಚನೆಗೆ ಒಂದು ದಾರಿ ಇಟ್ಟುಕೊಳ್ಳಿ: ಮುಂದಿನ ಎಡ-ಬಲಕ್ಕಾದರೂ ಪ್ರೀ-ಔಟ್ (ಹೊರಗಿನ ಆಂಪ್ಲಿಫೈಯರ್‌ಗೆ ಸಂಕೇತ ಕೊಡುವ ಕಿಂಡಿ) ಇರುವ ರಿಸೀವರ್ ಆರಿಸಿ. ಎಕ್ಸ್3800ಎಚ್‌ನಂಥದರಲ್ಲಿ ಎಲ್ಲ ಚಾನೆಲ್‌ಗಳಿಗೂ ಇವೆ. ಆಗ ಎರಡು ಚಾನೆಲ್‌ನ ಆಂಪ್ಲಿಫೈಯರ್ ಒಂದನ್ನು ನಂತರ ಸೇರಿಸಿ, ಬಿಡುವಾದ ಒಳಗಿನ ಚಾನೆಲ್‌ಗಳನ್ನು ಅಟ್ಮಾಸ್‌ನ (ತಲೆಯ ಮೇಲಿಂದಲೂ ಸದ್ದು ಬರಿಸುವ ಡಾಲ್ಬಿ ಪದ್ಧತಿ) ಸೂರಿನ ಸ್ಪೀಕರ್‌ಗಳಿಗೆ ಕೊಡಬಹುದು. ಆಂಪ್ಲಿಫೈಯರ್ ಕೊಳ್ಳುವಾಗ ಅದರ ಗೇನ್, ಅಂದರೆ ಒಳಬಂದ ಸಂಕೇತವನ್ನು ಅದು ಎಷ್ಟು ಹಿಗ್ಗಿಸುತ್ತದೆ ಎಂಬುದನ್ನು ನೋಡಿ. 29 ಡೆಸಿಬೆಲ್ ಗೇನ್ ಇದ್ದರೆ ರಿಸೀವರ್‌ನ ಒಂದೇ ವೋಲ್ಟ್ ಸಂಕೇತಕ್ಕೆ 8 ಓಮ್‌ನಲ್ಲಿ 100 ವ್ಯಾಟ್ ಹೊರಡುತ್ತದೆ. ಅಷ್ಟನ್ನು ಯಾವ ಒಳ್ಳೆಯ ಪ್ರೀ-ಔಟ್ ಆದರೂ ನಿರಾಯಾಸವಾಗಿ ಕೊಡುತ್ತದೆ. ಗೇನ್ ತೀರಾ ಕಡಿಮೆಯಾದರೆ ರಿಸೀವರ್‌ನ ಪ್ರೀ-ಔಟ್ ಮೊದಲೇ ಬಸವಳಿಯುತ್ತದೆ, ಹೆಚ್ಚಾದರೆ ಸ್ಪೀಕರ್‌ನಲ್ಲಿ ಹಿಸ್ ಎಂಬ ಸದ್ದು ಕೇಳಿಸುತ್ತದೆ.

ತಂತಿಗೆ ಹೆಚ್ಚು ಹಣ ಬೇಡ. ಹತ್ತು ಮೀಟರ್ ಒಳಗಾದರೆ 1.5 ಚದರ ಮಿ.ಮೀ. ಶುದ್ಧ ತಾಮ್ರದ ತಂತಿ ಸಾಕು, ಹಿಂದಿನ ಸ್ಪೀಕರ್‌ಗಳಿಗೆ ಉದ್ದ ಹೆಚ್ಚಾದರೆ 2.5 ಹಾಕಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಯನ್ನು ತಾಮ್ರವೆಂದು ಮಾರುತ್ತಾರೆ, ತುದಿಯನ್ನು ಚಾಕುವಿನಿಂದ ಕೆರೆದು ನೋಡಿ, ಒಳಗೆ ಬಿಳಿ ಕಂಡರೆ ಬೇಡ. ರಿಸೀವರ್ ಅನ್ನು ಬಾಗಿಲು ಮುಚ್ಚಿದ ಟಿವಿ ಯೂನಿಟ್ ಒಳಗೆ ತುರುಕಬೇಡಿ, 3.5 ಓಮ್‌ಗೆ ಇಳಿಯುವ ಸ್ಪೀಕರ್ ಇರುವಾಗ ಮೇಲೆ ಒಂದು ಗೇಣಿನಷ್ಟಾದರೂ ಗಾಳಿ ಆಡಬೇಕು. ಅಮೆರಿಕದಲ್ಲಿರುವ ನೆಂಟರು ಕಡಿಮೆ ಬೆಲೆಗೆ ತಂದುಕೊಡುತ್ತೇವೆ ಎಂದರೆ ದಯವಿಟ್ಟು ಒಪ್ಪಬೇಡಿ. ಅಲ್ಲಿನ ರಿಸೀವರ್‌ಗಳು ಸಾಮಾನ್ಯವಾಗಿ 120 ವೋಲ್ಟ್‌ನವು, ನಮ್ಮದು 230; ದಪ್ಪ ಟ್ರಾನ್ಸ್‌ಫಾರ್ಮರ್ ಬೇಕು, ಕೆಟ್ಟರೆ ಇಲ್ಲಿ ವಾರಂಟಿಯೂ ಸಿಗುವುದಿಲ್ಲ.

ಎಲ್ಲ ಜೋಡಿಸಿದ ಮೇಲೆ ಸಬ್‌ವೂಫರಿನಿಂದ ಗುಂಯ್ ಎಂಬ ಸದ್ದು ಬಂದರೆ ಮೊದಲು ಸೆಟ್‌ಟಾಪ್ ಬಾಕ್ಸ್‌ನ ಡಿಶ್ ಕೇಬಲ್ ಕಳಚಿ ನೋಡಿ, ನಾನು ಕಂಡ ಮನೆಗಳಲ್ಲಿ ಬಹುಪಾಲು ಕಾರಣ ಅದೇ. ರಿಸೀವರ್, ಸಬ್‌ವೂಫರ್, ಟಿವಿ ಮೂರಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಕೊಡಿ. ಸದ್ದು ನಿಲ್ಲುತ್ತದೆಂದು ಯಾರಾದರೂ ಪ್ಲಗ್ಗಿನ ಅರ್ಥ್ ಪಿನ್ ತೆಗೆಯಲು ಹೇಳಿದರೆ ಖಂಡಿತ ಮಾಡಬೇಡಿ, ಅದು ಪ್ರಾಣ ಕಾಯುವ ತಂತಿ.

ಕೊಳ್ಳುವ ಮುನ್ನ ಅಂಗಡಿಯವರನ್ನು ಒಂದು ದಿನದ ಮಟ್ಟಿಗೆ ರಿಸೀವರ್ ಕೊಡಿ ಎಂದು ಕೇಳಿ, ಹಲವರು ಒಪ್ಪುತ್ತಾರೆ. ಮನೆಯಲ್ಲಿ ಮೃದಂಗದ ತನಿಯಾವರ್ತನದ ಒಳ್ಳೆಯ ಧ್ವನಿಮುದ್ರಣ ಹಾಕಿ, ನೀವು ಎಂದಾದರೂ ಕೇಳಬಹುದಾದ ಅತಿ ಜೋರಿನ ಮಟ್ಟಕ್ಕೆ ಏರಿಸಿ. ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ, ಗಡಸಾಗದೆ ಕೇಳಿಸಿದರೆ, ಅರ್ಧ ಗಂಟೆಯ ನಂತರ ರಿಸೀವರ್‌ನ ಮೇಲೆ ಕೈ ಇಡಲು ಆಗುವಷ್ಟೇ ಬಿಸಿ ಇದ್ದರೆ, ಪವರ್ ಆಂಪ್ಲಿಫೈಯರ್ ವಿಷಯ ಬಿಟ್ಟು ಸಬ್‌ವೂಫರ್ ನೋಡಲು ಹೊರಡಿ. ಪೆಟ್ಟುಗಳು ಚಪ್ಪಟೆಯಾಗಿ ಕಿವಿಗೆ ಚುಚ್ಚಿದರೆ ಆ ಮಾದರಿಯನ್ನು ಹಿಂದಿರುಗಿಸಿ, ಅದರ ಮೇಲಿನದನ್ನು ತನ್ನಿ. ಯಾವ ಮಾದರಿ ಆರಿಸಿದಿರಿ ಎಂದು ಇಲ್ಲಿ ತಿಳಿಸಿದರೆ ಅದರ ಸ್ಪೀಕರ್ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ಬರೆದು ಕಳಿಸುತ್ತೇನೆ.