ಮನಸ್ಸಿಲ್ಲ ಎನ್ನುತ್ತಾರೆ, ನನಗೆ ನೋವಾಗುತ್ತದೆ

ಪ್ರಶ್ನೆ: ನನಗೆ 47 ವರ್ಷ. ಒಂದು ವರ್ಷದಿಂದ ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದೆ. ಗಂಡನ ಜೊತೆ ಸೇರುವಾಗ ಒಳಗೆಲ್ಲ ಒಣಗಿದಂತಾಗಿ ಉರಿ, ನೋವು. ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತೇನೆ. ‘ನಿನಗೆ ನನ್ನ ಮೇಲೆ ಮನಸ್ಸೇ ಇಲ್ಲ’ ಎನ್ನುವ ಅವರು ಮೊಬೈಲ್‌ನಲ್ಲಿ ಜಾಹೀರಾತು ನೋಡಿ ಅಶ್ವಗಂಧ, ಶತಾವರಿಯ ಪುಡಿ ತರಿಸಿದ್ದಾರೆ. ರಾತ್ರಿ ಹಾಲಿಗೆ ಬೆರೆಸಿ ಕುಡಿದರೆ ಹದಿನೈದು ದಿನದಲ್ಲಿ ಆಸೆ ಮರಳುತ್ತದಂತೆ. ಓರಗಿತ್ತಿ ಪಟಿಕದ ನೀರಿನಲ್ಲಿ ತೊಳೆದುಕೊಳ್ಳಲು ಹೇಳಿದ್ದಾಳೆ. ನಾನು ದಿನವೂ ಥೈರಾಯ್ಡ್ ಮಾತ್ರೆ ನುಂಗುವವಳು. ಪುಡಿ ಕುಡಿಯಲೇ?
— ಹೆಸರು, ಊರು ಬೇಡ

ಉತ್ತರ: ಕುಡಿಯಬೇಡಿ, ಸದ್ಯಕ್ಕಂತೂ ಬೇಡ. ಪಟಿಕದ ನೀರನ್ನು ಇವತ್ತೇ ಬಿಡಿ. ಗಡ್ಡ ಬೋಳಿಸಿದ ಮೇಲೆ ಕ್ಷೌರಿಕರು ಪಟಿಕ ಉಜ್ಜುವುದು ಚರ್ಮ ಬಿಗಿದು ರಕ್ತ ನಿಲ್ಲಲೆಂದು. ಮೊದಲೇ ಒಣಗಿ ಉರಿಯುತ್ತಿರುವ ಜಾಗಕ್ಕೆ ಅದನ್ನು ತಾಗಿಸಿದರೆ ಇನ್ನಷ್ಟು ಒಣಗುತ್ತದೆ, ಗಾಯವೂ ಆಗಬಹುದು.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆಸೆ ಹೋಯಿತೆಂದು ನೀವು ಎಲ್ಲಿಯೂ ಬರೆದಿಲ್ಲ, ಹಾಗೆಂದವರು ನಿಮ್ಮ ಯಜಮಾನರು. ನೀವು ಬರೆದದ್ದು ನೋವಿನ ಬಗ್ಗೆ. ಪ್ರತಿ ಸಲ ನೋಯುವ ಕೆಲಸಕ್ಕೆ ದೇಹ ಹಿಂಜರಿಯದೆ ಇನ್ನೇನು ಮಾಡೀತು? ಮುಟ್ಟು ನಿಲ್ಲುವ ಕಾಲ ಹತ್ತಿರ ಬಂದಾಗ ಈಸ್ಟ್ರೋಜೆನ್ ಎಂಬ ಹಾರ್ಮೋನು ಇಳಿಯುತ್ತದೆ. ಆಗ ಯೋನಿಯ ಒಳಪದರ ತೆಳುವಾಗಿ ಪಸೆ ಆರುತ್ತದೆ. ಕೆಲವರಿಗೆ ಮೂತ್ರವೂ ಉರಿಯುತ್ತದೆ. ಈ ಪ್ರಾಯದಲ್ಲಿ ಬಹಳ ಮಂದಿಗೆ ಹೀಗಾಗುತ್ತದೆ, ಹೇಳಿಕೊಳ್ಳುವವರು ಮಾತ್ರ ಕಡಿಮೆ.

ಇನ್ನು ಪುಡಿಯ ವಿಚಾರ. ಶತಾವರಿಯನ್ನು ನಮ್ಮಲ್ಲಿ ಹಲವು ಮಕ್ಕಳ ತಾಯಿ ಬೇರು ಎನ್ನುತ್ತಾರೆ. ಬಾಣಂತಿಗೆ ಎದೆಹಾಲು ಹೆಚ್ಚಲೆಂದು ಹಿಂದಿನಿಂದಲೂ ಕೊಡುತ್ತಾ ಬಂದಿದ್ದಾರೆ. ಆ ಬೇರಿನ ಮೇಲೆ ನನಗೂ ಗೌರವವಿದೆ. ಆದರೆ ಅದು ಈ ಒಣಗುವಿಕೆಯನ್ನು ವಾಸಿ ಮಾಡುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಅಶ್ವಗಂಧದ ಬಗ್ಗೆ 2015ರಲ್ಲಿ ಒಂದು ಅಧ್ಯಯನ ಪ್ರಕಟವಾಗಿ ಹೆಂಗಸರ ಲೈಂಗಿಕ ತೊಂದರೆಗಳಲ್ಲಿ ಒಳ್ಳೆಯ ಫಲ ಕಂಡಿತೆನ್ನುವುದು ನಿಜ. ಅದು ಕೇವಲ 50 ಮಹಿಳೆಯರ ಮೇಲೆ 8 ವಾರ ನಡೆದದ್ದು. ನಿಮಗಂತೂ ಅದರಲ್ಲಿ ಬೇರೆಯೇ ತೊಡಕಿದೆ: ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಮಾತ್ರೆಯ ಜೊತೆ ಅದೂ ಸೇರಿದರೆ ಎದೆಬಡಿತ, ಕೈನಡುಕ, ನಿದ್ದೆಗೇಡು ಶುರುವಾಗಬಹುದು. ಅಪರೂಪವಾಗಿ ಯಕೃತ್ತಿಗೆ ಪೆಟ್ಟು ಬಿದ್ದದ್ದೂ ವರದಿಯಾಗಿದೆ. ಗಿಡಮೂಲಿಕೆಯಾದರೂ ಔಷಧ ಔಷಧವೇ. ಹದಿನೈದು ದಿನದ ಭರವಸೆಯನ್ನಂತೂ ನಂಬಬೇಡಿ. ಕಾಮಸುಖದ ಸಾಮರ್ಥ್ಯ ಹೆಚ್ಚಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನೇ 1954ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಮೊಬೈಲ್ ತೆರೆದರೆ ಅಂಥವೇ ಕಾಣುವುದು ನನಗೆ ಸಿಟ್ಟು ತರಿಸುತ್ತದೆ. ಹೆಂಗಸರ ನಾಚಿಕೆಯೇ ಈ ಜಾಹೀರಾತಿನವರ ಬಂಡವಾಳ.

ಔಷಧದ ಅಂಗಡಿಯಲ್ಲಿ ನೀರಿನಂಶದ ಲೂಬ್ರಿಕೆಂಟ್ ಜೆಲ್ಲಿ, ಅಂದರೆ ಪಸೆ ಕೊಟ್ಟು ತಿಕ್ಕಾಟ ತಗ್ಗಿಸುವ ಲೋಳೆ, ವೈದ್ಯರ ಚೀಟಿಯಿಲ್ಲದೆ ಸಿಗುತ್ತದೆ. ಕೂಡುವ ಹೊತ್ತಿನಲ್ಲಿ ಅದನ್ನು ಬಳಸಿ. ಒಳಭಾಗಕ್ಕೆ ಸೋಪು, ಸುಗಂಧದ ದ್ರವ ಬೇಡ. ಅಷ್ಟಕ್ಕೆ ಸಾಲದಿದ್ದರೆ ಸ್ತ್ರೀರೋಗ ತಜ್ಞರು ಪರೀಕ್ಷಿಸಿ, ಯೋನಿಗೆ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜೆನ್ ಕ್ರೀಮು ಬರೆದುಕೊಡಬಹುದು. ಕೆಲವು ವಾರಗಳಲ್ಲಿ ಪದರ ಚೇತರಿಸಿಕೊಳ್ಳುತ್ತದೆ. ಸ್ತನ ಕ್ಯಾನ್ಸರ್ ಬಂದುಹೋಗಿದ್ದರೆ ಮೊದಲೇ ಅವರಿಗೆ ತಿಳಿಸಿ. ಕೂಡಿದ ಮೇಲೆ ರಕ್ತ ಕಂಡರೆ ಒಂದು ದಿನವೂ ಕಾಯಬೇಡಿ.

ಯಜಮಾನರಿಗೆ ಹಗಲು ಹೊತ್ತಿನಲ್ಲಿ, ಇಬ್ಬರೇ ಇರುವಾಗ ಹೇಳಿ: ‘ನಿಮ್ಮ ಮೇಲೆ ಮನಸ್ಸಿದೆ, ನನಗೆ ನೋವಾಗುತ್ತಿದೆ.’ ಪುಡಿ ತರಿಸಿದವರು, ಅಂದರೆ ಸರಿಯಾಗಲಿ ಎಂಬ ಆಸೆ ಅವರಿಗೂ ಇದೆ. ನೋವು ಕಡಿಮೆಯಾಗುವವರೆಗೆ ಒತ್ತಾಯ ಬೇಡ, ಜೊತೆಯಲ್ಲಿ ಸುಮ್ಮನೆ ಮಲಗಿದರೂ ಸಾಕು ಎಂದು ಸ್ಪಷ್ಟವಾಗಿ ಕೇಳಿ.

ವೈದ್ಯರ ಎದುರು ಬಾಯಿ ಬಾರದಿದ್ದರೆ ‘ಕೂಡುವಾಗ ಒಣಗಿ ಉರಿಯುತ್ತದೆ’ ಎಂದು ಚೀಟಿಯಲ್ಲಿ ಬರೆದು ಮೇಜಿನ ಮೇಲಿಡಿ. ಥೈರಾಯ್ಡ್ ಮಾತ್ರೆಯನ್ನೂ ಆ ಪುಡಿಯ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.